ಸೆಲೆಸ್ತಿನೊ ಅವರ ಬುಧವಾರ

ಹೂಫ್‌ಡಾರ್ಪ್
29 ಏಪ್ರಿಲ್ 2020

ಶ್ರೇಯಾ,

ಒಂದೇ ದೇಶದಲ್ಲಿ, ರೈಲಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿರುವ ಮಗಳಿಗೆ ಅಂಚೆಯಲ್ಲಿ ಪತ್ರ ಹಾಕುವುದೆಂದರೆ ನಿನ್ನ ಅಣ್ಣನಿಗೆ ನಗು. ಫೋನ್ ಇಲ್ಲವಾ ಅಪ್ಪ ಅಂತಾನೆ. ಫೋನು ಉಂಟು. ಆದರೆ ಈ ಮನೆಯಲ್ಲಿ ಪ್ರತೀಕ್ ಒಂದು ಕೋಣೆಯಲ್ಲಿ, ಶರ್ಮಿಳಾ ಇನ್ನೊಂದು ಕೋಣೆಯಲ್ಲಿ ಸಂಜೆಯವರೆಗೆ ಆಫೀಸಿನವರ ಜೊತೆ ಮಾತಾಡುತ್ತಾರೆ. ಊಟದ ಮೇಜಿನ ಮೇಲೆ ಮಾನ್ಯಾಳ ಶಾಲೆ. ನಾನು ಬಾಯಿ ತೆರೆದರೆ ಮೂರು ಕಡೆಯಿಂದಲೂ ಬಾಯಿಗೆ ಬೆರಳು ಬರುತ್ತದೆ. ಕಾಗದಕ್ಕೆ ಹಾಗೆ ಹೇಳುವವರಿಲ್ಲ.

ಎರಡು ತಿಂಗಳಿಗೆಂದು ಫೆಬ್ರವರಿಯಲ್ಲಿ ಉಡುಪಿಯಿಂದ ಈ ಡಚ್ಚರ ದೇಶಕ್ಕೆ ಬಂದವನು ಸಿಕ್ಕಿಬಿದ್ದಿದ್ದೇನೆ. ಮೊದಲು ಈ ಮನೆಯ ಮೇಲೆ ನಿಮಿಷಕ್ಕೊಂದು ವಿಮಾನ ಹಾರುತ್ತಿತ್ತು. ಈಗ ಅವನ್ನೆಲ್ಲ ರನ್‌ವೇಯ ಮೇಲೆಯೇ ಸಾಲಾಗಿ ನಿಲ್ಲಿಸಿದ್ದಾರಂತೆ. ನನಗೂ ಅವಕ್ಕೂ ಒಂದೇ ಸ್ಥಿತಿ.

ನೀನು ಬರುವುದಿಲ್ಲ ಎಂದದ್ದನ್ನು ನಾನು ಒಪ್ಪಿದ್ದೇನೆ. ನೆನಪಿನ ಕ್ಲಿನಿಕ್ಕಿನಲ್ಲಿ ದಿನವೂ ಮುದುಕರ ನಡುವೆ ಕೆಲಸ ಮಾಡುವವಳು, ಈ ಸೋಂಕನ್ನು ಅಪ್ಪನಿಗೆ ತಂದು ಹಚ್ಚುವುದು ಬೇಡ ಎನ್ನುವುದು ಸರಿಯೇ. ಆದರೆ ಭಾನುವಾರ ನೀನು ಫೋನಿನಲ್ಲಿ ಮಾತಾಡಿದ್ದು ಸ್ವಲ್ಪ ಹೊತ್ತು. ಅದರಲ್ಲಿ ಹೆಚ್ಚಿನ ಹೊತ್ತು ಯಾರೋ ಸ್ಪೇನಿನ ಮುದುಕನ ವಿಷಯವೇ. ಅವನು ಬಾಲ್ಕನಿಯಲ್ಲಿ ಬೀನ್ಸ್ ಹಬ್ಬಿಸಿದ್ದಾನಂತೆ, ನಿನಗೆ ಒಂದು ಹಿಡಿ ಕೊಟ್ಟನಂತೆ. ನನ್ನ ಮೊಣಕಾಲು ಹೇಗುಂಟು ಎಂದು ನೀನು ಕೇಳಿದ್ದು ಫೋನು ಇಡುವಾಗ.

ಯಾರು ಆ ಮನುಷ್ಯ? ಬರೆದು ತಿಳಿಸು. ಮೊಣಕಾಲು ಹಾಗೆಯೇ ಉಂಟು.

ನಿನ್ನ ಅಪ್ಪ,
ಕಿಟ್ಟಣ್ಣ


ವೂರ್‌ಬರ್ಗ್
12 ಮೇ 2020

ಅಪ್ಪ,

ನಿಮ್ಮ ಕಾಗದ ಕಂಡು ನಗು ಬಂತು, ಆಮೇಲೆ ಎರಡು ಸಲ ಓದಿದೆ. ಉಡುಪಿಯ ಗ್ರಂಥಾಲಯದಲ್ಲಿ ಪುಸ್ತಕ ತಡವಾಗಿ ತಂದವರಿಗೆ ನೀವು ಬರೆಯುತ್ತಿದ್ದ ಚೀಟಿಗಳ ಧಾಟಿಯೇ.

ಅವರ ಹೆಸರು ಸೆಲೆಸ್ತಿನೊ. ಎಂಬತ್ತು ದಾಟಿದೆ. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯದ ಒಂದು ಹಳ್ಳಿಯವರು. ಹುಡುಗರಾಗಿದ್ದಾಗ ಇಲ್ಲಿ ಬೆಣ್ಣೆಯ ಬದಲು ಬಳಸುವ ಮಾರ್ಗರಿನ್ ಮಾಡುವ ಕಾರ್ಖಾನೆಗೆ ಕೂಲಿಗೆ ಬಂದರು. ಮನೆಯಲ್ಲಿ ಹಸು ಕಾಯಬೇಕಿತ್ತು, ಹಾಗಾಗಿ ಶಾಲೆಗೆ ಹೋದದ್ದು ಒಂದೆರಡು ಚಳಿಗಾಲ ಮಾತ್ರ. ಡಚ್ ಕಲಿತದ್ದು ಯಂತ್ರಗಳ ನಡುವೆ: ಅಂಕಿಗಳು, ಮೇಸ್ತ್ರಿಯ ಬೈಗುಳ, ಪಾಳಿಯ ಹೆಸರುಗಳು. ಹೆಂಡತಿ ತೀರಿಕೊಂಡ ಮೇಲೆ ಅದನ್ನೂ ಆಡುವವರಿಲ್ಲ. ವಯಸ್ಸಾದಂತೆ ಕೊನೆಗೆ ಕಲಿತ ಭಾಷೆ ಮೊದಲು ಸವೆಯುತ್ತದೆ.

ಜನವರಿಯಲ್ಲಿ ಒಮ್ಮೆ ಗ್ಯಾಸ್ ಆರಿಸಲು ಮರೆತರು. ಕೆಳಗಿನ ಮನೆಯವರು ದೂರು ಕೊಟ್ಟರು, ವೈದ್ಯರು ನಮ್ಮಲ್ಲಿಗೆ ಕಳಿಸಿದರು. ನಾನು ಈ ಕೇಸಿಗೆ ಬರುವ ಮೊದಲೇ ಅವರಿಗೆ ಡಚ್ಚಿನಲ್ಲಿ ಪರೀಕ್ಷೆ ಮಾಡಿ ಮುಗಿಸಿದ್ದರು. ಹಿಮದ ಮೇಲೆ ಜಾರುವ ಬೂಟಿನ ಚಿತ್ರ ತೋರಿಸಿ ಹೆಸರು ಕೇಳಿದರು. ಡಚ್ ಕತೆಯೊಂದನ್ನು ಓದಿ ಹೇಳಿ, ಮತ್ತೆ ಹೇಳಿ ಎಂದರು. ದುಭಾಷಿಯಾಗಿ ಕೂತದ್ದು ಅವರ ಮೊಮ್ಮಗಳು. ಪಾಪ, ತಾತ ತಪ್ಪಿದಲ್ಲೆಲ್ಲ ತಿದ್ದಿ ಹೇಳಿದಳು. ಹಾಗಾಗಿ ಬಂದ ಕಡಿಮೆ ಅಂಕವೂ ಅವರದಲ್ಲ, ಹೆಚ್ಚಿನ ಅಂಕವೂ ಅವರದಲ್ಲ.

ಆದರೆ ಕಾಗದ ಮಾತ್ರ ತಯಾರಾಯಿತು: ‘ಒಬ್ಬರೇ ಇರಲಾರರು.’ ಸೆಪ್ಟೆಂಬರ್ ಕೊನೆಗೆ ಅದರ ಮೇಲೆ ತೀರ್ಮಾನ. ಬೇರೆ ಆಧಾರ ಸಿಗದಿದ್ದರೆ ಅವರನ್ನು ಬೀಗ ಹಾಕಿದ ವಾರ್ಡಿಗೆ ಕಳಿಸುತ್ತಾರೆ. ಈಗ ಆ ವಾರ್ಡುಗಳು ಹೇಗಿವೆ ಎಂದು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ಒಳಗಿರುವವರಿಗೆ ಹೊರಗಿನವರ ಮುಖ ಕಾಣುವುದು ಗಾಜಿನಾಚೆ.

ನಾನು ಸ್ಪೇನಿನಲ್ಲಿ ಓದಿದ್ದು ಒಂದೇ ವರ್ಷವಾದರೂ ನಮ್ಮ ಕ್ಲಿನಿಕ್ಕಿನಲ್ಲಿ ಆ ಭಾಷೆ ಬರುವುದು ನನಗೊಬ್ಬಳಿಗೆ. ಹಾಗಾಗಿ ಬುಧವಾರಗಳಂದು ಅವರೊಂದಿಗೆ ಕೂರುತ್ತೇನೆ. ಬೀನ್ಸ್ ಎಳೆಯದಿತ್ತು.

ಮೊಣಕಾಲಿಗೆ ಬಿಸಿ ಶಾಖ ಕೊಡಿ.

ಶ್ರೇಯಾ


ಹೂಫ್‌ಡಾರ್ಪ್
8 ಜೂನ್ 2020

ಶ್ರೇಯಾ,

ಎರಡು ಪುಟ ಅವನಿಗೆ, ಒಂದು ಸಾಲು ಮೊಣಕಾಲಿಗೆ. ಇರಲಿ.

ನನಗೆ ಸಿಟ್ಟು ಬಂದದ್ದು ನಿಜ. ಒಬ್ಬನ ಆಯುಷ್ಯವೆಲ್ಲ ಕಾರ್ಖಾನೆಗೆ ತೆಗೆದುಕೊಂಡು, ಕೊನೆಗೆ ಅವನು ಎಂದೂ ಹಾಕಿಕೊಳ್ಳದ ಬೂಟಿನ ಹೆಸರು ಕೇಳಿ ಬುದ್ಧಿ ಅಳೆಯುವುದು ಎಂತ ನ್ಯಾಯ? ಇದು ನನಗೆ ಹೊಸತಲ್ಲ. ನಿನಗೆ ಈ ವಿಷಯ ಹೇಳಿದ್ದೇನೋ ಇಲ್ಲವೋ. ನಾನು ಒಂದನೆಯ ತರಗತಿಯಲ್ಲಿದ್ದಾಗ ಇನ್ಸ್‌ಪೆಕ್ಟರ್ ಬಂದು ಚಿತ್ರದ ಹಾಳೆ ತೂಗುಹಾಕಿ ಕೋಲಿನಿಂದ ತೋರಿಸುತ್ತ ಹೋದರು. ಹಲಸಿನ ಹಣ್ಣು ನಮ್ಮ ಮನೆಯ ಹಿಂದೆಯೇ ಬಿದ್ದು ಕೊಳೆಯುತ್ತಿತ್ತು. ಮನೆಯಲ್ಲಿ ಅದಕ್ಕೆ ಹೇಳುವ ತುಳು ಹೆಸರನ್ನು ಹೇಳಿದೆ. ತಪ್ಪು. ಮುಂದಿನ ಚಿತ್ರವೂ ತಪ್ಪು. ಶಾಲೆಗೆ ಹೋಗುವ ತನಕ ನಮಗೆ ಕನ್ನಡ ಯಾರು ಕಲಿಸಿದ್ದರು? ‘ಹುಡುಗ ಮಂದ’ ಎಂದು ಬರೆದುಹೋದರು. ಇನ್ನೊಂದು ವರ್ಷ ಅದೇ ಬೆಂಚಿನ ಮೇಲೆ ಕೂತೆ. ಆ ಇನ್ಸ್‌ಪೆಕ್ಟರರ ಕೋಟಿನ ಗುಂಡಿ ಯಾವ ಬಣ್ಣದ್ದೆಂದು ಕೇಳು, ಈಗಲೂ ಹೇಳುತ್ತೇನೆ.

ಆಗ ನನ್ನ ಪರವಾಗಿ ಯಾರೂ ‘ಅವನ ಭಾಷೆಯ ಪರೀಕ್ಷೆ ತನ್ನಿ’ ಎನ್ನಲಿಲ್ಲ. ಈ ಸೆಲೆಸ್ತಿನೊಗೆ ಹಾಗೆ ಹೇಳುವವಳೊಬ್ಬಳು ಸಿಕ್ಕಿದ್ದಾಳೆ, ಅದೂ ನನ್ನ ಮಗಳು. ವಾರವಾರ ಅವನ ಎದುರು ಕೂತು, ನೀವು ಎಲ್ಲಿ ಹುಟ್ಟಿದ್ದು, ನಿಮ್ಮ ಹಸುವಿಗೆ ಎಂತ ಹೆಸರು ಎಂದೆಲ್ಲ ಕೇಳುತ್ತಾಳೆ. ನಮ್ಮ ಮನೆಯಲ್ಲೂ ಒಂದು ಎಮ್ಮೆ ಇತ್ತು. ಅದರ ಹೆಸರು ನೀನು ಒಮ್ಮೆಯಾದರೂ ಕೇಳಿದ್ದುಂಟಾ?

ಒಂದು ಮಾತು ವಿಚಾರಿಸಬೇಕೆಂದಿದ್ದೇನೆ. ನಾಳೆ ನನ್ನ ನೆನಪೇ ಕೈಕೊಟ್ಟರೆ ಇಲ್ಲಿ ನನ್ನನ್ನು ಯಾವ ಭಾಷೆಯಲ್ಲಿ ಅಳೆಯುತ್ತಾರೆ? ಕನ್ನಡದಲ್ಲಿ ಪರೀಕ್ಷೆ ಉಂಟಾ? ತುಳುವಿನಲ್ಲಿ? ಅಥವಾ ನಾನೂ ಜಾರುವ ಬೂಟಿನ ಹೆಸರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾ?

ಕಿಟ್ಟಣ್ಣ


ವೂರ್‌ಬರ್ಗ್
21 ಜುಲೈ 2020

ಅಪ್ಪ,

ತಡವಾಯಿತು. ಕ್ಲಿನಿಕ್ಕಿನಲ್ಲಿ ನಿಂತುಹೋಗಿದ್ದ ಕೆಲಸವೆಲ್ಲ ಒಟ್ಟಿಗೆ ಬಂದುಬಿದ್ದಿದೆ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಇಲ್ಲ. ಕನ್ನಡದಲ್ಲಿ ಬೆಂಗಳೂರಿನವರು ಮಾಡಿಕೊಂಡ ಪರೀಕ್ಷೆಗಳಿವೆ, ಆದರೆ ಈ ದೇಶದಲ್ಲಿ ಅವನ್ನು ಯಾರೂ ಕಂಡಿಲ್ಲ. ತುಳುವಿನಲ್ಲಿ ನನಗೆ ತಿಳಿದಂತೆ ಯಾವುದೂ ಇಲ್ಲ. ಸ್ಪಾನಿಷಿನಲ್ಲಿ ಬೇಕಾದಷ್ಟಿವೆ, ಆದರೆ ಅವು ಸ್ಪೇನಿನಲ್ಲಿವೆ. ಇಲ್ಲಿ ಅವನ್ನು ಇಟ್ಟುಕೊಂಡವರನ್ನು ಹುಡುಕಿ ನನಗೆ ಸಾಕಾಯಿತು. ತೆಗೆದುಕೊಳ್ಳಿ ಎಂದರೆ, ವರ್ಷಕ್ಕೆ ಎಷ್ಟು ಜನ ಸ್ಪಾನಿಷ್ ಮುದುಕರು ಬರುತ್ತಾರೆ ಎಂದು ಮೇಲಿನವರು ಕೇಳುತ್ತಾರೆ. ನೂರಾರು ಜನ ದುಡಿಯಲು ಬರುವಾಗ ಹೀಗೆ ಯಾರೂ ಕೇಳಿರಲಿಲ್ಲ.

ಕೊನೆಗೆ ಬ್ರಸೆಲ್ಸಿನಲ್ಲಿ ಒಬ್ಬರು ಸಿಕ್ಕಿದ್ದಾರೆ. ಚಿತ್ರ, ಪ್ರಶ್ನೆ ಎಲ್ಲ ಇರುವ ಅವರ ಪರೀಕ್ಷೆಯ ಡಬ್ಬವನ್ನು ಸೆಪ್ಟೆಂಬರಿನಲ್ಲಿ ಒಂದು ವಾರಕ್ಕೆ ಕಡ ಕೊಡುತ್ತಾರೆ. ಆ ವಾರ ನಮ್ಮ ಕೋಣೆ ಖಾಲಿ ಇರುವುದು ಬುಧವಾರ, ಹದಿನಾರನೆಯ ತಾರೀಕು. ಸೋಂಕಿನ ಕಾರಣ ಒಂದು ಕೋಣೆಗೆ ದಿನಕ್ಕೆ ಒಬ್ಬರೇ. ಅದಾದ ಮುಂದಿನ ವಾರವೇ ತೀರ್ಮಾನ. ಹಾಗಾಗಿ ಸೆಲೆಸ್ತಿನೊ ಅವರಿಗೆ ಸಿಗುವುದು ಆ ಒಂದೇ ಬುಧವಾರ.

ಅದರಲ್ಲೂ ನನಗೆ ಪೂರ್ತಿ ನೆಮ್ಮದಿಯಿಲ್ಲ. ಆ ಪರೀಕ್ಷೆಯ ಅಳತೆ ಮಾಡಿದ್ದು ರಾಜಧಾನಿಯ ಓದಿದ ಜನರನ್ನು ಕೂರಿಸಿಕೊಂಡು. ಹಸು ಕಾಯ್ದವರು ಅದರಲ್ಲಿ ಎಷ್ಟಿದ್ದರೋ. ಆದರೂ ಜಾರುವ ಬೂಟಿಗಿಂತ ವಾಸಿ.

ನಮ್ಮ ಎಮ್ಮೆಯ ಹೆಸರೇನಿತ್ತು?

ಶ್ರೇಯಾ


ಹೂಫ್‌ಡಾರ್ಪ್
5 ಸೆಪ್ಟೆಂಬರ್ 2002

ಶ್ರೇಯಾ,

ನೀನು ಹೇಗಿದ್ದಿ? ಕೆಲಸ ಹೇಗುಂಟು? ಆ ನಿನ್ನ ಪೋರ್ಚುಗಲ್ಲಿನ ಮುದುಕ ಹೇಗಿದ್ದಾನೆ?

ನಾನು ಇದ್ದೇನೆ. ಮೊನ್ನೆ ಹಾಲು ತರಲು ಹೋದವನಿಗೆ ವಾಪಸು ಬರುವಾಗ ಮನೆ ಯಾವುದೆಂದು ತಿಳಿಯಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಲ್ಲಿಸಿ ಏನೋ ಕೇಳಿದಳು. ನಿನ್ನೆ ಪ್ರತೀಕನ ಮಗಳನ್ನು ಕರೆದರೆ ಅವಳು ತಿರುಗಲಿಲ್ಲ. ಅವಳ ಹೆಸರು ಸುಹಾನಿ ಅಲ್ಲವಾ?

ಶರ್ಮಿಳಾ ದ ಹೇಗ್ ನಗರದ ನಮ್ಮವರ ಅಂಗಡಿಯಿಂದ ಕೆಸುವಿನೆಲೆ ತರಿಸಿದ್ದಳು. ನಿನ್ನ ಅಮ್ಮ ನೀಲಾವತಿಯ ಪತ್ರೊಡೆ ನೆನಪಾಯಿತು. ನಾರು ತೆಗೆಯುವ ಮೊದಲು ಅವಳು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಳ್ಳುತ್ತಿದ್ದಳು. ದೊಡ್ಡ ಎಲೆ ಅಡಿಗೆ, ಬೆನ್ನು ಮೇಲೆ, ಅದರ ಮೇಲೆ ಹಿಟ್ಟು, ಎಳೆಯ ಎಲೆ ಕೊನೆಗೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆಂದು ಹಿಟ್ಟನ್ನು ಮೊದಲು ನನ್ನ ಅಂಗೈಗೆ ಒಂದಿಷ್ಟು ಹಾಕಿ ನನ್ನ ಮುಖ ನೋಡುತ್ತಿದ್ದಳು.

ನೀನು ಹೇಗಿದ್ದಿ? ಕೆಲಸ ಹೇಗುಂಟು?

ಬಿಡುವಾದರೆ ಬಂದು ಹೋಗು. ನನ್ನ ತಲೆಯನ್ನೂ ಒಮ್ಮೆ ಅಳೆದು ನೋಡು.

ಅಪ್ಪ


ವೂರ್‌ಬರ್ಗ್
10 ಸೆಪ್ಟೆಂಬರ್ 2020

ಅಪ್ಪ,

ಪ್ರತೀಕನ ಜೊತೆ ಮಾತಾಡಿದೆ. ನೀವು ಒಬ್ಬರೇ ಹೊರಗೆ ಹೋಗಬೇಡಿ. ಬರುವ ಬುಧವಾರ ಬೆಳಿಗ್ಗೆ ಬರುತ್ತೇನೆ, ಬೇರೆ ದಿನಗಳೆಲ್ಲ ತುಂಬಿವೆ, ಅದೊಂದೇ ದಿನ ನನಗೆ ಬಿಡಿಸಿಕೊಳ್ಳಲು ಆದದ್ದು. ಕಿಟಕಿ ತೆರೆದಿಡಲು ಶರ್ಮಿಳಾಗೆ ಹೇಳಿದ್ದೇನೆ. ಹೆದರಬೇಡಿ.

ಶ್ರೇಯಾ


ವೂರ್‌ಬರ್ಗ್
24 ಸೆಪ್ಟೆಂಬರ್ 2020

ಅಪ್ಪ,

ಈ ಕಾಗದವನ್ನು ಒಂದು ವಾರ ತಡೆದಿಟ್ಟುಕೊಂಡು ಬರೆಯುತ್ತಿದ್ದೇನೆ.

ಆ ದಿನ ಕಿಟಕಿಯ ಪಕ್ಕ ನೀವು, ಬಾಗಿಲ ಪಕ್ಕ ನಾನು, ನಡುವೆ ಶರ್ಮಿಳಾಳ ಇಸ್ತ್ರಿ ಮೇಜು. ನಿಮಗಾಗಿ ನಾನೇ ಕನ್ನಡಕ್ಕೂ ತುಳುವಿಗೂ ಮಾಡಿಕೊಂಡ ಪ್ರಶ್ನೆಗಳು. ಎಷ್ಟು ತಿಂಗಳ ಮೇಲೆ ನೋಡಿದ್ದು. ನಿಮ್ಮ ಅಂಗಿಯ ಕಾಲರ್ ಸಡಿಲವಾಗಿದ್ದದ್ದನ್ನು ನೋಡಿ ನನಗೆ ಅಳು ಬಂತು, ಮಾಸ್ಕಿನೊಳಗೆ ನಿಮಗೆ ಕಾಣಲಿಲ್ಲ.

ಕೊನೆಯಲ್ಲಿ ಅಂಗಡಿಯ ಜಾಹೀರಾತು ಹಾಳೆಯಿಂದ ಕತ್ತರಿಸಿದ ಚಿತ್ರಗಳನ್ನು ತೋರಿಸಿದೆ, ನೆನಪಿದೆ ತಾನೇ? ಟೊಮೆಟೊ, ಕೊಡೆ, ಸಾಬೂನು. ಆಮೇಲೆ ಪ್ರತಿಯೊಂದರ ಪಕ್ಕ ಹೊಸ ಚಿತ್ರವೊಂದನ್ನು ಇಟ್ಟು, ಮೊದಲು ನೋಡಿದ್ದು ಯಾವುದು ಎಂದು ಕೇಳಿದೆ. ಅದು ನೋಡಲು ಕಷ್ಟದ ಪರೀಕ್ಷೆ, ನಿಜವಾಗಿ ಬಹಳ ಸುಲಭ. ನೆನಪು ಅರ್ಧ ಹೋದವರಿಗೂ ಅದು ಬರುತ್ತದೆ. ಏನೂ ನೆನಪಿಲ್ಲದೆ ಕಣ್ಣು ಮುಚ್ಚಿ ಕೈ ತೋರಿಸಿದರೂ ಅರ್ಧ ಸರಿಯಾಗುತ್ತದೆ. ನೀವು ಹೆಚ್ಚುಕಡಿಮೆ ಎಲ್ಲವನ್ನೂ ತಪ್ಪು ಹೇಳಿದಿರಿ. ಅಪ್ಪ, ಸರಿ ಯಾವುದೆಂದು ಗೊತ್ತಿದ್ದವರಿಗೆ ಮಾತ್ರ ಅಷ್ಟೊಂದು ತಪ್ಪು ಮಾಡಲು ಬರುತ್ತದೆ.

ಆಗಲೇ ಹೇಳಬಹುದಿತ್ತು. ಮಾನ್ಯಾ ಅಲ್ಲಿ ಇದ್ದಳು. ಚಹಾ ಕುಡಿದು ಹೊರಟೆ.

ರೈಲಿನಲ್ಲಿ ನಿಮ್ಮ ಕಾಗದ ತೆಗೆದು ಮತ್ತೆ ಓದಿದೆ. ಸ್ಪೇನನ್ನು ಪೋರ್ಚುಗಲ್ ಮಾಡಿದ್ದಿರಿ, ಮಾನ್ಯಾಳನ್ನು ಸುಹಾನಿ ಮಾಡಿದ್ದಿರಿ, ಇಸವಿಯನ್ನು ಹಿಂದಕ್ಕೆ ತಳ್ಳಿದ್ದಿರಿ. ಅಮ್ಮನ ಪತ್ರೊಡೆಯಲ್ಲಿ ಮಾತ್ರ ಒಂದು ಎಲೆಯೂ ಮಗುಚಿರಲಿಲ್ಲ. ಹಳೆಯದು ಉಳಿಯುವುದು ಸಹಜ, ಅದು ಸಾಕ್ಷಿಯಲ್ಲ. ಆದರೂ ಅನ್ನಿಸಿತು: ಆಟದಲ್ಲಿಯೂ ನಿಮಗೆ ಅಮ್ಮನನ್ನು ಮರೆಯಲು ಕೈ ಬರಲಿಲ್ಲ.

ಆ ಬುಧವಾರ ಸೆಲೆಸ್ತಿನೊ ಅವರದಾಗಿತ್ತು. ಇನ್ನೊಂದು ದಿನ ಹೇಗಾದರೂ ಹೊಂದಿಸಬಹುದು ಎಂದು ನಾನು ಮುಂದಕ್ಕೆ ಹಾಕಿದ ಸುದ್ದಿ ಅವರಿಗೆ ತಲುಪಿರಲಿಲ್ಲ. ಟೈ ಕಟ್ಟಿಕೊಂಡು ಟ್ರಾಮ್ ಹತ್ತಿ ಬಂದು ಕಾದು ಕೂತಿದ್ದರಂತೆ. ಶ್ರೇಯಾಳ ಅಪ್ಪನಿಗೆ ಹುಷಾರಿಲ್ಲ ಎಂದು ಕ್ಲಿನಿಕ್ಕಿನವರು ಹೇಳಿದ್ದಕ್ಕೆ, “ಅಪ್ಪ ಮೊದಲು. ನಾನು ಇನ್ನೊಂದು ಬುಧವಾರ ಬರುತ್ತೇನೆ” ಅಂದರಂತೆ.

ಇನ್ನೊಂದು ಬುಧವಾರ ಇರಲಿಲ್ಲ. ಡಬ್ಬ ಶುಕ್ರವಾರ ಬ್ರಸೆಲ್ಸಿಗೆ ಹೋಯಿತು. ಹಳೆಯ ಡಚ್ ಅಂಕದ ಮೇಲೆಯೇ ಮೊನ್ನೆ ತೀರ್ಮಾನವಾಯಿತು. ಅಕ್ಟೋಬರ್ ಮೊದಲ ವಾರ ಅವರನ್ನು ವಾರ್ಡಿಗೆ ಸೇರಿಸುತ್ತಾರೆ.

ನಿಮ್ಮನ್ನು ಬೈಯಬೇಕೆಂದು ಕೂತೆ. ಆಗುತ್ತಿಲ್ಲ. ನಿಮ್ಮ ಮಾತು ನಂಬಿ ಹೋದವಳು ನಾನು, ಅವರ ದಿನವನ್ನು ನಿಮಗೆ ಕೊಟ್ಟವಳೂ ನಾನೇ.

ಶ್ರೇಯಾ


ಹೂಫ್‌ಡಾರ್ಪ್
23 ಅಕ್ಟೋಬರ್ 2020

ಶ್ರೇಯಾ,

ಒಂದು ತಿಂಗಳು ಬರೆಯಲಿಲ್ಲ. ಬರೆದು ಹರಿದದ್ದನ್ನು ಶರ್ಮಿಳಾ ಕಾಗದದ ಕಸದ ಡಬ್ಬಕ್ಕೆ ಹಾಕಿದ್ದಾಳೆ.

ನನಗೆ ಹೊಟ್ಟೆಕಿಚ್ಚು. ಇನ್ನೊಂದು ಹೆಸರು ಹುಡುಕಿದೆ, ಸಿಗಲಿಲ್ಲ. ಮೂರೂ ಹೊತ್ತು ಸುತ್ತ ಜನ ಇದ್ದ ಮನೆಯಲ್ಲಿ ನಾನು ಒಂದು ಕುರ್ಚಿಯ ಹಾಗೆ ಇದ್ದೆ. ಅತ್ತ ಒಬ್ಬನನ್ನು ನನ್ನ ಮಗಳು ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ಅವನು ಹೇಳಿದ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದಳು. ನನ್ನ ಮಾತನ್ನು ಹಾಗೆ ಬರೆದುಕೊಂಡದ್ದು ಆ ಇನ್ಸ್‌ಪೆಕ್ಟರ್ ಒಬ್ಬರೇ. ನಾನು ಗಟ್ಟಿಯಾಗಿರುವವರೆಗೆ ನನಗೆ ನಿನ್ನ ಬುಧವಾರ ಸಿಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಆ ದಿನವೇ ಅವನ ದಿನ ಎಂದು ನಿನ್ನ ಜುಲೈ ಪತ್ರದಲ್ಲಿ ಓದಿದ್ದೆ. ಮರೆತಿದ್ದೆ ಎಂದು ಈಗ ಹೇಳಿದರೆ ನೀನು ನಂಬುವುದಿಲ್ಲ, ನಂಬಬೇಡ.

‘ಅಪ್ಪ ಮೊದಲು’ ಅಂದನಂತೆ. ಆ ಸಾಲು ಓದಿ ತಲೆ ತಗ್ಗಿಸುವ ಬದಲು ನನಗೆ ಇನ್ನೂ ಉರಿಯಿತು. ನಾನಾಗಿದ್ದರೆ ಹಾಗೆ ಹೇಳುತ್ತಿದ್ದೆನಾ? ಅದರಲ್ಲಿಯೂ ಅವನೇ ಮುಂದೆ.

ಇಷ್ಟು ಸಾಕು. ಕ್ಷಮೆ ಕೇಳಬೇಕಾದದ್ದು ಅವನಲ್ಲಿ, ಅದನ್ನು ಪತ್ರದಲ್ಲಿ ಮಾಡಲಾಗದು. ಕೆಲಸದ ಮಾತು ಹೇಳುತ್ತೇನೆ.

ಒಂದು. ಈ ದೇಶದಲ್ಲಿ ಬೆಸ್ವಾರ್ ಎಂಬುದೊಂದು ಉಂಟೆಂದು ಪ್ರತೀಕ್ ಹೇಳಿದ. ಸರ್ಕಾರದ ತೀರ್ಮಾನ ಒಪ್ಪಿಗೆಯಿಲ್ಲದಿದ್ದರೆ ಆರು ವಾರದೊಳಗೆ ಆಕ್ಷೇಪ ಬರೆಯಬಹುದು. ಇನ್ನೂ ಸಮಯ ಉಂಟು. ಉಡುಪಿಯಲ್ಲಿ ನಾನು ಬರೆದ ಆಕ್ಷೇಪಗಳಿಗೆ ಹೆದರಿ ನಗರಸಭೆಯವರು ಚರಂಡಿಗೆ ಚಪ್ಪಡಿ ಹಾಕಿದ್ದನ್ನು ನೀನು ಬಲ್ಲೆ. ಇಂಗ್ಲಿಷಿನಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಅವನ ಮೊಮ್ಮಗಳು ಡಚ್ಚಿಗೆ ಮಾಡಿ ಸಹಿ ಹಾಕಲಿ. ನಿನ್ನ ಹೆಸರಾಗಲಿ ನನ್ನ ಹೆಸರಾಗಲಿ ಅದರಲ್ಲಿಲ್ಲ. ಜಾರುವ ಬೂಟಿನ ವಿಷಯ ಮೊದಲ ಪ್ಯಾರಾದಲ್ಲೇ ಉಂಟು.

ಎರಡು. ಗಲೀಸಿಯದ ಬಗ್ಗೆ ಮಾನ್ಯಾಳ ಕಂಪ್ಯೂಟರಿನಲ್ಲಿ ಓದಿದೆ. ಅಲ್ಲಿಯ ಹಳ್ಳಿಗಳಲ್ಲಿ ಮನೆಮಾತು ಬೇರೆಯಂತೆ, ಸ್ಪಾನಿಷ್ ಶಾಲೆಗೆ ಹೋದ ಮೇಲೆ ಬರುವುದಂತೆ. ಎರಡು ಚಳಿಗಾಲ ಶಾಲೆಗೆ ಹೋದವನಿಗೆ ಅದು ಎಷ್ಟು ಬಂದಿರುತ್ತದೆ? ನೀನು ಬ್ರಸೆಲ್ಸಿನಿಂದ ತರಿಸಿದ ಡಬ್ಬವೂ ನನ್ನ ಇನ್ಸ್‌ಪೆಕ್ಟರರ ಚಿತ್ರದ ಹಾಳೆಯೇ ಆಗುತ್ತಿತ್ತು. ಅವನ ತಾಯಿ ಅವನಿಗೆ ಯಾವ ಭಾಷೆಯಲ್ಲಿ ಬೈಯುತ್ತಿದ್ದಳು ಎಂದು ಕೇಳು. ಪರೀಕ್ಷೆ ಅದರಲ್ಲಿ ಮಾಡಿಸು.

ಪಾಸಾಗುವ ಪರೀಕ್ಷೆ ಬೇಕೆಂದು ನಾನು ಹೇಳುತ್ತಿಲ್ಲ. ತಪ್ಪಿದರೆ ಆ ತಪ್ಪಾದರೂ ಅವನದೇ ಆಗಿರಲಿ.

ಎಮ್ಮೆಯ ಹೆಸರು ಚಂದು.

ಕಿಟ್ಟಣ್ಣ


ವೂರ್‌ಬರ್ಗ್
19 ಫೆಬ್ರವರಿ 2021

ಅಪ್ಪ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇದು ಕಾಗದದಲ್ಲಿ ಶುರುವಾದದ್ದು.

ಆಕ್ಷೇಪವನ್ನು ತೆಗೆದುಕೊಂಡಿದ್ದಾರೆ. ಹೊಸದಾಗಿ ಪರೀಕ್ಷೆ ಮಾಡಿ ಎಂದು ಡಿಸೆಂಬರಿನಲ್ಲೇ ಉತ್ತರ ಬಂತು. ಆಮೇಲೆ ವಾರ್ಡಿನಲ್ಲಿ ಸೋಂಕು ಹೊಕ್ಕು ಎಲ್ಲ ಮುಚ್ಚಿತು. ಆ ದಿನಗಳ ಬಗ್ಗೆ ನಾನು ನಿಮಗೆ ಬರೆಯಲಿಲ್ಲ. ಸೆಲೆಸ್ತಿನೊ ಅವರ ಪಕ್ಕದ ಎರಡು ಹಾಸಿಗೆ ಖಾಲಿಯಾದವು. ಅವರಿಗೂ ಜ್ವರ ಬಂತು, ಆಮೇಲೆ ಇಳಿಯಿತು.

ಬೈಗುಳದ ವಿಷಯ ಕೇಳಿದೆ. ಬಹಳ ಹೊತ್ತು ನಕ್ಕರು. ಆಮೇಲೆ ಒಂದಾದ ಮೇಲೊಂದು ಬೈಗುಳ ಹೇಳಿದರು, ನನಗೆ ಒಂದೂ ಅರ್ಥವಾಗಲಿಲ್ಲ. ಅದು ಸ್ಪಾನಿಷ್ ಆಗಿರಲಿಲ್ಲ. ಒಂದು ವರ್ಷ ಅವರ ಎದುರು ಕೂತವಳು ಇದನ್ನು ಕೇಳಿಯೇ ಇರಲಿಲ್ಲ.

ಗಲೀಸಿಯದ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಹುಡುಕಿದೆ. ಅವರು ಅಲ್ಲಿಂದ ಪರದೆಯ ಮೇಲೆ, ನಾನು ಇಲ್ಲಿ ಪಕ್ಕದಲ್ಲಿ. ಶಾಲೆಗೆ ಹೆಚ್ಚು ಹೋಗದವರಿಗೆಂದು ಅವರಲ್ಲಿ ಬೇರೆ ಅಳತೆಯೇ ಇದೆ. ಹುಲ್ಲು ಬಾಚುವ ಸಲಕರಣೆಯ ಚಿತ್ರ ಕಂಡಾಗ ಸೆಲೆಸ್ತಿನೊ ಹೆಸರು ಹೇಳಿ ಸುಮ್ಮನಾಗಲಿಲ್ಲ, ಎದ್ದು ನಿಂತು ಬಾಚಿ ತೋರಿಸಿದರು.

ಫಲಿತಾಂಶ ಇಷ್ಟು: ಮರೆವು ಇದೆ. ನಿನ್ನೆಯದು ಉಳಿಯುವುದಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಆದರೆ ದಾರಿ, ಅಡುಗೆ, ಲೆಕ್ಕ ಎಲ್ಲ ಗಟ್ಟಿಯಾಗಿದೆ. ಬೆಳಿಗ್ಗೆ ಒಬ್ಬರು ಸಹಾಯಕ್ಕೆ ಬಂದು, ಗ್ಯಾಸಿನ ಬದಲು ವಿದ್ಯುತ್ ಒಲೆ ಇಟ್ಟರೆ ತಮ್ಮ ಮನೆಯಲ್ಲಿ ಇರಬಲ್ಲರು. ಏಪ್ರಿಲ್‌ನಲ್ಲಿ ಮನೆಗೆ ಹೋಗುತ್ತಾರೆ.

ಇನ್ನೊಂದು ಮಾತು, ಹೇಳಲೋ ಬೇಡವೋ ಎಂದು ಯೋಚಿಸಿದೆ. ಆ ಸೆಪ್ಟೆಂಬರಿನಲ್ಲಿ ನಾನು ಬಾರದಿದ್ದ ದಿನ ಅವರ ತಲೆಯಲ್ಲಿ ಕೂತುಬಿಟ್ಟಿದೆ. ಅದೊಂದನ್ನು ಮಾತ್ರ ಮರೆತಿಲ್ಲ. ಗಾಜಿನಾಚೆ ನನ್ನನ್ನು ಕಂಡಾಗಲೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: “ಅಪ್ಪನಿಗೆ ಗುಣವಾಯಿತಾ?”

ನಾನು ಪ್ರತಿ ಸಲ ಹೂಂ ಎನ್ನುತ್ತೇನೆ.

ಶ್ರೇಯಾ


ಹೂಫ್‌ಡಾರ್ಪ್
6 ಜೂನ್ 2021

ಶ್ರೇಯಾ,

ಎರಡೂ ಚುಚ್ಚುಮದ್ದು ಆಯಿತು, ಇನ್ನು ಊರಿಗೆ ಟಿಕೆಟ್ ನೋಡುತ್ತೇನೆ ಎಂದು ಪ್ರತೀಕ್ ಹೇಳಿದ್ದಾನೆ. ಹೊರಡುವ ಮೊದಲು ಸೆಲೆಸ್ತಿನೊ ಅವರನ್ನು ನೋಡಬೇಕೆಂದು ಹಟ ಹಿಡಿದದ್ದು ನಾನೇ. ನಿನ್ನೆ ನೀನು ಕರೆದುಕೊಂಡು ಹೋದೆ. ಆದರೂ ನಿನಗೇ ಬರೆಯುತ್ತಿದ್ದೇನೆ, ಏಕೆಂದರೆ ವಾಪಸು ಬರುವಾಗ ಟ್ರಾಮಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಅವರು ನಾನು ಎಣಿಸಿದ್ದಕ್ಕಿಂತ ಗಿಡ್ಡ. ಅದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು ಎಂದರೆ ನಗಬೇಡ. ಆದರೆ ಕೂದಲು ನನಗಿಂತ ಹೆಚ್ಚುಂಟು.

ಬಾಗಿಲು ತೆರೆದು ನೀನು ನನ್ನ ಪರಿಚಯ ಹೇಳಿದ ಕೂಡಲೇ ಅವರು ಎರಡೂ ಕೈ ಎತ್ತಿ ಕೇಳಿದ್ದು ಅದೇ ಪ್ರಶ್ನೆ. ನೀನು ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ, ಧ್ವನಿಯಲ್ಲೇ ತಿಳಿಯಿತು. ನಾನು ಗುಣವಾಯಿತು ಎಂದೆ. ಕಾಫಿ ಕೊಟ್ಟರು. ಬಾಲ್ಕನಿಯ ಬೀನ್ಸ್ ತೋರಿಸಿದರು, ಬುಡದ ಮಣ್ಣು ಕೆದಕಿ ಕೊಟ್ಟೆ, ಅವರಿಗೆ ಬಗ್ಗಲು ಆಗುವುದಿಲ್ಲ. ಒಳಗೆ ಬಂದು ಕೂತ ಮೇಲೆ ಮತ್ತೆ ಕೇಳಿದರು. ಮೊದಲ ಸಲ ಕೇಳಿದ ಹಾಗೆಯೇ, ಅಷ್ಟೇ ಕಾಳಜಿಯಿಂದ. ಆಗ ನನಗೆ ನಾಚಿಕೆಯಾದದ್ದು ನನ್ನ ನಟನೆಗೆ. ಒಂದೇ ಕಾಗದದಲ್ಲಿ ‘ನೀನು ಹೇಗಿದ್ದಿ, ಕೆಲಸ ಹೇಗುಂಟು’ ಎಂದು ಎರಡು ಸಲ ಬರೆದು ಬುದ್ಧಿವಂತಿಕೆ ಮಾಡಿದ್ದೆ. ನಿಜವಾಗಿ ಮರೆತವರು ಕೇಳಿದ್ದನ್ನೇ ಮತ್ತೆ ಕೇಳುವಾಗ ಅದು ಹಾಗಿರುವುದಿಲ್ಲ. ಅವರಿಗೆ ಪ್ರತಿ ಸಲವೂ ಉತ್ತರ ಬೇಕಾಗಿರುತ್ತದೆ.

ಮೂರನೆಯ ಸಲ ಕೇಳಿದಾಗ ನನಗೆ ತಡೆಯಲಾಗಲಿಲ್ಲ. ತುಳುವಿನಲ್ಲಿಯೇ ಹೇಳಿಬಿಟ್ಟೆ. ನನಗೆ ಕಾಯಿಲೆ ಇರಲಿಲ್ಲ, ನಿಮ್ಮ ಮೇಲೆ ಹೊಟ್ಟೆಕಿಚ್ಚಿತ್ತು, ನಿಮ್ಮ ದಿನ ಕಸಿದುಕೊಂಡೆ, ಆ ವಾರ್ಡಿನ ಚಳಿಗಾಲ ನಿಮಗೆ ಬಂದದ್ದು ನನ್ನಿಂದ, ಇಷ್ಟೂ. ನೀನು ನನ್ನ ಮುಖ ನೋಡಿದೆ. ಆಮೇಲೆ ಅವರ ಕಡೆ ತಿರುಗಿ ಏನೋ ಹೇಳಿದೆ. ನಾನು ಹೇಳಿದ್ದು ಉದ್ದ ಇತ್ತು, ನೀನು ಹೇಳಿದ್ದು ಗಿಡ್ಡ. ಅವರು ನಿನಗೆ ಏನೋ ಹೇಳಿ, ನನ್ನ ಕೈಮೇಲೆ ಕೈ ಇಟ್ಟರು. ನೀನು ಅದನ್ನು ನನಗೆ ತಿರುಗಿಸಿ ಹೇಳಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಇನ್ನೊಮ್ಮೆ ಕೇಳಿದರು, ಗುಣವಾಯಿತಾ ಎಂದು. ನನ್ನ ತಪ್ಪೊಪ್ಪಿಗೆ ಅಷ್ಟರಲ್ಲಿ ಹೋಗಿಯಾಗಿತ್ತು. ಸ್ವಲ್ಪ ಸ್ವಲ್ಪವಾಗಿ ಆಗುತ್ತಾ ಉಂಟು ಎಂದೆ. ಅದು ಸುಳ್ಳಲ್ಲ. ಮೆಟ್ಟಿಲಿಳಿಯುವಾಗ ನೀನು ಅವರ ಕಾಲರ್ ಸರಿಮಾಡಿದ್ದನ್ನು ತಿರುಗಿ ನೋಡಿದೆ, ಎದೆಯಲ್ಲಿ ಚುರುಕ್ಕೆಂದಿತು.

ನೀನು ಅವರಿಗೆ ಏನು ಹೇಳಿದೆ, ಶ್ರೇಯಾ?

ಕಿಟ್ಟಣ್ಣ


ವೂರ್‌ಬರ್ಗ್
10 ಜೂನ್ 2021

ಅಪ್ಪ,

ನೀವು ಹೇಳಿದ್ದನ್ನೆಲ್ಲ ನಾನು ಹೇಳಲಿಲ್ಲ. ‘ಅಪ್ಪನಿಗೂ ಒಂದು ಬುಧವಾರ ಬೇಕಿತ್ತು’ ಎಂದೆ, ಅಷ್ಟೇ. ಅವರು ಹೇಳಿದ್ದು: “ಹಾಗಾದರೆ ಒಂದೇ ಬುಧವಾರದಲ್ಲಿ ಹೇಗೆ ಗುಣವಾಗುತ್ತದೆ?”

ಬರುವ ಬುಧವಾರ ಹನ್ನೊಂದರ ರೈಲಿಗೆ ಬರುತ್ತೇನೆ. ಅದರ ಮುಂದಿನ ಬುಧವಾರವೂ. ಶರ್ಮಿಳಾಗೆ ಕೆಸುವಿನೆಲೆ ತರಿಸಲು ಹೇಳಿ. ಚಂದುವಿನ ಕತೆ ಮೊದಲಿನಿಂದ ಹೇಳಬೇಕು.

ಪರೀಕ್ಷೆಯ ಡಬ್ಬ ತರುವುದಿಲ್ಲ.

ಶ್ರೇಯಾ